ಗೌಸ್ ಪೀರ್, ಡಿಸ್ಕಿನ ಮಾಮೂಲು ಮತ್ತು ಒಂಬತ್ತು ಮರಗಳು

ಗೌಸ್ ಪೀರ್ ಅವರೊಡನೆ ಮೊದಲ ಮಾತುಕತೆ ಏರ್ಪಡಲು ಐದು ವಾರ ಹಿಡಿಯಿತು. ತಿಪಟೂರು ಸೀಮೆಯ ರಿಪೇರಿ ಕಸುಬುದಾರರ ನೆನಪುಗಳನ್ನು ದಾಖಲಿಸುವ ಕೆಲಸಕ್ಕಾಗಿ ೨೦೦೮ರ ಅಕ್ಟೋಬರ್‌ನಲ್ಲಿ ಅವರಿಗೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದಾಗ ಎತ್ತಿಕೊಂಡವರು ಅವರ ಮಗಳು ನಾಹಿದಾ. “ಅಬ್ಬಾ ಮೋಟರ್ ವಿಷಯ ಎಷ್ಟು ಬೇಕಾದ್ರೂ ಹೇಳ್ತಾರೆ ಮೇಡಂ, ರೇಡಿಯೋ ವಿಷಯಾನೂ ಹೇಳ್ತಾರೆ. ಡಿಸ್ಕಿನ ವಿಷಯ ಬೇಕು ಅಂದ್ರೆ ಮಾಯಸಂದ್ರದ ಅಮ್ಮ ಒಪ್ಪಬೇಕಂತೆ,” ಎಂದರು.

ಮಾಯಸಂದ್ರದ ಅಮ್ಮ ಎಂದರೆ ರಾಮಲಕ್ಷ್ಮಮ್ಮ. ಮಾಯಸಂದ್ರದಿಂದ ಎರಡು ಮೈಲಿ ಒಳಗೆ ಅವರ ತೆಂಗಿನ ತೋಟ. ಬಿತ್ತನೆಗೆ ಬೇಕಾದ ಕಾಯನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೂ ಅವರ ತೋಟದಿಂದಲೇ ಒಯ್ಯುತ್ತಾರೆ. ನಾನು ಬಸ್ಸಿಳಿದು ನಡೆದುಹೋಗಿ ವಿಷಯ ತಿಳಿಸಿದಾಗ ಅವರು ಕೂಡಲೇ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. “ಅವರು ಮಾತಾಡೋವಾಗ ನಾನೂ ಅಲ್ಲೇ ಕುಂತಿರ್ತೀನಿ. ಇಲ್ದಿದ್ರೆ ತಪ್ಪೆಲ್ಲ ತಮ್ಮ ಮೈಮೇಲೇ ಹಾಕ್ಕಂಡ್ಬುಡ್ತಾರೆ ಕಣಮ್ಮ. ಅರ್ಧ ನನ್ದೂ ಐತೆ.”

ಹೀಗಾಗಿ ೨೩ ನವೆಂಬರ್ ೨೦೦೮, ಭಾನುವಾರ, ರಾಮಲಕ್ಷ್ಮಮ್ಮನವರ ಮನೆಯ ಜಗಲಿಯ ಮೇಲೆ ಮೊದಲ ಮಾತುಕತೆ ನಡೆಯಿತು. ಗೌಸ್ ಪೀರ್ ಬೆಳಗಿನ ಬಸ್ಸಿಗೇ ಬಂದಿದ್ದರು. ಆ ದಿನ ಅವರಿಗೆ ಅಲ್ಲಿ ಬೇರೊಂದು ಕೆಲಸವೂ ಇತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಅವರು ಹುಟ್ಟಿದ್ದು ೧೯೫೨ರಲ್ಲಿ, ತಿಪಟೂರಿನಲ್ಲಿ. ತಂದೆ ಪೆಟ್ರೋಮ್ಯಾಕ್ಸ್ ದೀಪಗಳನ್ನು ದುರಸ್ತಿ ಮಾಡುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ಗೌಸ್ ಪೀರ್ ಅರಸೀಕೆರೆಯ ಒಬ್ಬ ಉಸ್ತಾದರ ಬಳಿ ಆರು ವರ್ಷ ಮೋಟರ್ ವೈಂಡಿಂಗ್ ಕಲಿತರು. ಮೊದಲ ವರ್ಷವಿಡೀ ಉಸ್ತಾದರು ಮೀಟರ್ ಮುಟ್ಟಲು ಬಿಡಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮೋಟರಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಬೇರಿಂಗ್ ಸವೆದಿದೆಯೋ ಸುರುಳಿ ಸುಡುತ್ತಿದೆಯೋ ಹೇಳಬೇಕಿತ್ತು. ಆ ಸ್ಕ್ರೂಡ್ರೈವರ್ ಇಂದಿಗೂ ಅವರ ಜೇಬಿನಲ್ಲಿದೆ. ಹಿಡಿ ಕಿವಿಯ ಎಣ್ಣೆಗೆ ಕಪ್ಪಾಗಿ ಹೊಳೆಯುತ್ತದೆ.

ಎಂಬತ್ತರ ದಶಕದ ತಿಪಟೂರನ್ನು ಅವರು ಸದ್ದುಗಳಿಂದಲೇ ನೆನೆಯುತ್ತಾರೆ. ಹರಾಜಿನ ದಿನ ಕೊಬ್ಬರಿ ಚೀಲ ಲಾರಿಯಿಂದ ಬೀಳುವ ದಪ್ಪನೆಯ ಸದ್ದು. ಬೀದಿ ತುಂಬ ಹಬ್ಬುತ್ತಿದ್ದ ಎಣ್ಣೆಯ ಸಿಹಿ ವಾಸನೆಯ ನಡುವೆ, ರಿಪೇರಿಯಾಯಿತೆಂದು ತೋರಿಸಲು ಅಂಗಡಿಯಲ್ಲಿ ಹಾಕಿಟ್ಟ ನಾಲ್ಕು ರೇಡಿಯೋಗಳು ಒಂದೇ ವಾರ್ತೆಯನ್ನು ಓದುತ್ತಿದ್ದ ಸದ್ದು. “ಆಗ ತೋಟದೋರು ಬಂದು ‘ಸಾಬ್ರೇ, ನಮ್ಮ ಮೋಟರ್ ಅಳ್ತಾ ಐತೆ’ ಅಂತಿದ್ರು. ಅಳ್ತಾ ಐತೆ ಅಂದ್ರೆ ಬೇರಿಂಗು, ಗೊಣಗ್ತಾ ಐತೆ ಅಂದ್ರೆ ವೋಲ್ಟೇಜು. ಅರ್ಧ ರಿಪೇರಿ ಅವರ ಮಾತಲ್ಲೇ ಆಗೋಗ್ತಿತ್ತು,” ಎಂದು ನಕ್ಕರು.

ತೊಂಬತ್ತರ ದಶಕದಲ್ಲಿ ರೇಡಿಯೋ ಕಡಿಮೆಯಾಗಿ ಸ್ಟೆಬಿಲೈಸರ್ ಬಂತು, ಬಳಿಕ ಯುಪಿಎಸ್. ೧೯೯೭ರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರೊಬ್ಬರು ತಮ್ಮ ಕೆಟ್ಟ ಕಂಪ್ಯೂಟರನ್ನು ತಂದು ಮೇಜಿನ ಮೇಲಿಟ್ಟು, “ಇದೂ ಕರೆಂಟಿನ ವಸ್ತುನೇ ಅಲ್ವಾ, ನೋಡಿ,” ಎಂದರು. ಗೌಸ್ ಪೀರ್ ನೋಡಿದರು, ಅಂದರೆ ಕೇಳಿದರು. ಫ್ಯಾನಿನ ಬೇರಿಂಗ್ ಹೋಗಿತ್ತು. ಅಲ್ಲಿಂದ ಕಂಪ್ಯೂಟರ್ ರಿಪೇರಿಯೂ ಅವರ ಕಸುಬಾಯಿತು. ಇಂಗ್ಲಿಷ್ ಓದುವ ಭಾಗವನ್ನು ಡಿಪ್ಲೊಮಾ ಮುಗಿಸಿದ್ದ ನಾಹಿದಾ ವಹಿಸಿಕೊಂಡರು. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಹಾಕುವುದನ್ನು ಆಕೆ ಕಲಿತಿದ್ದರು. ಅದರಲ್ಲಿ ಕನ್ನಡ ಅಕ್ಷರ ಮೂಡುತ್ತಿತ್ತು. ರಾಮಲಕ್ಷ್ಮಮ್ಮ ಆ ಅಂಗಡಿಗೆ ಬರಲು ಅದೇ ಕಾರಣ.

ರಾಮಲಕ್ಷ್ಮಮ್ಮನವರ ಕೆಲಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅವರ ತೋಟದಲ್ಲಿ ನೂರೈವತ್ತು ತೆಂಗಿನ ಮರಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದಿದೆ. ೧೯೮೯ರಿಂದ ಪ್ರತಿ ಕೊಯ್ಲಿನಲ್ಲೂ ಒಂದೊಂದು ಮರದ ಗೊನೆ ಎಷ್ಟು, ಕಾಯಿ ಎಷ್ಟು, ಉದುರಿದ್ದೆಷ್ಟು ಎಂದು ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದರು. ನಾಲ್ಕು ವರ್ಷ ಬಿಡದೆ ಒಂದೇ ಸಮ ಫಸಲು ಕೊಟ್ಟ ಮರಕ್ಕೆ ಮಾತ್ರ ಅವರಲ್ಲಿ ‘ತಾಯಿ ಮರ’ ಎಂಬ ಹೆಸರು. ಬಿತ್ತನೆಗೆ ಅದರ ಕಾಯಿ ಮಾತ್ರ. ಪ್ರತಿ ಕಾಯಿಯ ಮೇಲೂ ಮರದ ಸಂಖ್ಯೆ ಇರುತ್ತದೆ. ಸಂಖ್ಯೆಯಿಲ್ಲದ ಕಾಯನ್ನು ಅವರು ಬಿತ್ತನೆಗೆ ಕೊಟ್ಟವರಲ್ಲ. ಹಾಕಿದ ಸಸಿ ಫಲ ಬಿಡಲು ಏಳೆಂಟು ವರ್ಷ ಬೇಕು. ಅಷ್ಟು ಕಾಲ ಕಾಯುವವನಿಗೆ ಆ ಸಂಖ್ಯೆಯೇ ಭರವಸೆ.

೨೦೦೩ರಲ್ಲಿ ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ಅಳಿದುಳಿದದ್ದನ್ನು ಕಂಪ್ಯೂಟರಿಗೆ ಏರಿಸಬೇಕೆಂದು ರಾಮಲಕ್ಷ್ಮಮ್ಮನವರ ತಂಗಿಯ ಮಗಳು ಧನ್ಯಶ್ರೀ ಹೇಳಿದಳು. ಗೌಸ್ ಪೀರ್ ಹಳೆಯ ಭಾಗಗಳನ್ನು ಕೂಡಿಸಿ ಒಂದು ಯಂತ್ರ ಮಾಡಿಕೊಟ್ಟರು. ತೋಟದ ಮನೆಯಲ್ಲಿ ಕರೆಂಟಿನ ಭರವಸೆ ಇಲ್ಲವೆಂದು ಯೋಚಿಸಿ, ದೊಡ್ಡ ಹಾರ್ಡ್ ಡಿಸ್ಕಿನ ಬದಲು ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕ್ ಅಳವಡಿಸಿದರು. ಅದು ಕಡಿಮೆ ಕರೆಂಟ್ ಎಳೆಯುತ್ತದೆ, ಯುಪಿಎಸ್ ಹೆಚ್ಚು ಹೊತ್ತು ತಡೆಯುತ್ತದೆ. ಯಂತ್ರ ತೋಟ ಸೇರಿದ್ದು ೨೬ ಜನವರಿ ೨೦೦೪. ಧನ್ಯಶ್ರೀ ಎರಡು ತಿಂಗಳು ಕೂತು ಎಲ್ಲವನ್ನೂ ಟೈಪ್ ಮಾಡಿದಳು. ಗೆದ್ದಲು ಬೇರೆ ಕಡೆ ಹಬ್ಬದಿರಲೆಂದು ನೋಟ್‌ಬುಕ್ಕುಗಳನ್ನು ಒಲೆಗೆ ಹಾಕಿದರು.

“ಆರಿಸಿದ್ರೆ ಮರ್ತೋಗ್ಬುಡ್ತದೇನೋ ಅಂತ ನಾನು ಆರಿಸ್ತಾನೇ ಇರ್ಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ಓಡ್ತಿತ್ತು,” ಎಂದರು ರಾಮಲಕ್ಷ್ಮಮ್ಮ. ಅವರು ಹೇಳುವ ಅರ್ಧ ತಪ್ಪು ಇದು.

ಉಳಿದರ್ಧ ನಡೆದದ್ದು ಫೆಬ್ರುವರಿಯ ಕೊನೆಯಲ್ಲಿ. ಯಂತ್ರದೊಳಗೆ ಏನೋ ಟಕ್ ಎನ್ನುತ್ತಿದೆಯೆಂದು ಅದನ್ನು ಹೊತ್ತು ಅಂಗಡಿಗೆ ಬಂದರು. ಆ ದಿನದ ಮಾತನ್ನು ಇಬ್ಬರೂ ಜಗಲಿಯ ಮೇಲೆ ಒಬ್ಬರಿಗೊಬ್ಬರು ನೆನಪಿಸಿಕೊಡುತ್ತ ಹೇಳಿದರು.

“ಸುಮ್ನಿರ್ತದೆ ಸಾಬ್ರೇ, ಆಮೇಲೆ ಟಕ್ ಅಂತದೆ. ಮತ್ತೆ ಸುಮ್ನಿರ್ತದೆ.”

ಗೌಸ್ ಪೀರ್ ಸ್ಕ್ರೂಡ್ರೈವರ್ ಇಟ್ಟು ಕೇಳಿದರು. “ಒಂದೇ ತಾಳದಲ್ಲಿ ಐತಲ್ಲಮ್ಮ. ಕೆಲ್ಸ ಇಲ್ದಾಗ ಮಲಗ್ತದೆ, ಕೆಲ್ಸ ಬಂದಾಗ ಏಳ್ತದೆ. ಕರೆಂಟ್ ಉಳಿಸೋದಕ್ಕೆ.”

“ಕೊಬ್ಬರಿ ಲೊಡಲೊಡ ಅಂದಂಗೆ ಅನ್ನಿ.”

“ಹಂಗೇ ಅನ್ಕೊಳ್ಳಿ. ಆಗೈತೆ ಬುಡಿ, ತಗಂಡೋಗಿ.”

ಬೇರೆ ಸೀಮೆಯ ಓದುಗರಿಗೆ ಈ ಮಾತು ತಿಳಿಯಬೇಕಾದರೆ ಅಟ್ಟದ ವಿಚಾರ ಹೇಳಬೇಕು. ಇಲ್ಲಿ ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಒಳಗೆ ಲೊಡಲೊಡ ಎನ್ನುತ್ತದೆ. ಸದ್ದು ಬಂದರೆ ಆಯಿತು ಎಂದರ್ಥ. ಸದ್ದಿಲ್ಲದ ಕಾಯಿ ಇನ್ನೂ ಹಸಿ ಅಥವಾ ಕೆಟ್ಟದ್ದು. ಮುಚ್ಚಿದ ವಸ್ತುವಿನೊಳಗಿಂದ ಸದ್ದು ಕೇಳಿದಾಗ ಭಯಪಡುವ ಬದಲು ಸಮಾಧಾನ ಪಡುವುದು ಈ ನಾಡಿನ ಕಿವಿಗೆ ಕೂಡಿಬಂದ ಗುಣ. ಅಂದು ಇಬ್ಬರೂ ಸಮಾಧಾನಪಟ್ಟರು.

ಮೇ ೨ರಂದು ರಾಮಲಕ್ಷ್ಮಮ್ಮ ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಬೈಯಲಿಲ್ಲ.

“ಸದ್ದು ನಿಂತೋಯ್ತು ಸಾಬ್ರೇ,” ಎಂದರು.

ಹದಿನೈದು ವರ್ಷದ ದಾಖಲೆ ಆ ಡಿಸ್ಕಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಮೇ ಮುಗಿಯುವಷ್ಟರಲ್ಲಿ ಬಿತ್ತನೆ ಕಾಯಿಗೆ ಜನ ಬರುವವರಿದ್ದರು. ಯಾವ ಮರ ತಾಯಿ, ಯಾವುದು ಅಲ್ಲ ಎಂದು ನೆನಪಿನಿಂದ ಹೇಳಲು ರಾಮಲಕ್ಷ್ಮಮ್ಮ ಒಪ್ಪಲಿಲ್ಲ. “ಅಂದಾಜಲ್ಲಿ ಕೊಡೋದಾದ್ರೆ ಇಷ್ಟು ವರ್ಷ ಯಾಕೆ ಬರೀತಿದ್ದೆ?” ಎಂದು ಕೇಳಿ ಬಸ್ಸಿಗೆ ಹೋದರು. ಆ ಪ್ರಶ್ನೆ ಗೌಸ್ ಪೀರರ ಜೊತೆ ಅಂಗಡಿಯಲ್ಲೇ ಉಳಿಯಿತು. ಮೂವತ್ತು ವರ್ಷ ನಂಬಿದ್ದ ಕಿವಿ ತಪ್ಪು ಹೇಳಿತ್ತು.

ಅವರು ಮಾಡಿದ ಮೊದಲ ಕೆಲಸ ಇನ್ನೊಮ್ಮೆ ಕೇಳುವುದು. ಅಂಗಡಿಯಲ್ಲಿದ್ದ ಅದೇ ಬಗೆಯ ಮೂರು ಚಿಕ್ಕ ಡಿಸ್ಕುಗಳನ್ನು ಅದೇ ಸಿಸ್ಟಂ ಹಾಕಿ ಓಡಿಸಿದರು. ಅಂಗಡಿಯ ಇನ್ನೊಂದು ಅರ್ಧದಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಅಜೀಮುನ್ನೀಸಾ ಅವರ ಸೀಮೆಸುಣ್ಣ ತೆಗೆದುಕೊಂಡು, ಗಡಿಯಾರ ಮುಂದಿಟ್ಟು, ಒಂದೊಂದು ಟಕ್‌ಗೂ ಹಲಗೆಯ ಮೇಲೆ ಒಂದು ಗೆರೆ ಎಳೆದರು.

“ಮೂವತ್ತು ವರ್ಷದಿಂದ ನಾನು ಕೂಗಿದ್ದು ಕೇಳ್ಸಲ್ಲ, ಡಿಸ್ಕ್ ಟಕ್ ಅಂದಿದ್ದು ಕೇಳ್ಸ್ತದೆ ನೋಡಿ,” ಎಂದು ಅಜೀಮುನ್ನೀಸಾ ಗಿರಾಕಿಯೊಬ್ಬರಿಗೆ ಹೇಳಿದರಂತೆ.

“ನೀನು ಒಂದೇ ತಾಳದಲ್ಲಿ ಕೂಗಲ್ವಲ್ಲ,” ಎಂಬುದು ಗೌಸ್ ಪೀರರ ಉತ್ತರ.

ಎರಡು ದಿನದ ಗೆರೆಗಳಿಂದ ಸಿಕ್ಕ ಲೆಕ್ಕ ಇದು: ಹತ್ತು ಸೆಕೆಂಡಿಗೆ ಒಂದು ಟಕ್, ಗಂಟೆಗೆ ಮುನ್ನೂರ ಅರವತ್ತು. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ನಾಹಿದಾ ಕಂಪ್ಯೂಟರ್ ಸೆಂಟರಿನಿಂದ ಮುದ್ರಿಸಿ ತಂದ ಹಾಳೆಗಳನ್ನು ಓದಿ ಹೇಳಿದರು. ಡಿಸ್ಕಿನೊಳಗೆ ತಟ್ಟೆ ಸುತ್ತುತ್ತದೆ; ಅದರ ಮೇಲೆ, ತಾಕದಂತೆ, ಓದುವ ತಲೆ ತೇಲುತ್ತದೆ. ಕೆಲಸವಿಲ್ಲದಾಗ ತಲೆ ತಟ್ಟೆಯಂಚಿನ ಇಳಿಜಾರನ್ನು ಹತ್ತಿ ಕೂರುತ್ತದೆ. ಕರೆಂಟ್ ಸ್ವಲ್ಪ ಉಳಿಯುತ್ತದೆ, ಕೈಯಲ್ಲಿ ಹಿಡಿದು ಓಡಾಡುವ ಲ್ಯಾಪ್‌ಟಾಪಿಗೆ ಪೆಟ್ಟು ಬಿದ್ದರೂ ತಟ್ಟೆ ಉಳಿಯುತ್ತದೆ. ಆದರೆ ಸಿಸ್ಟಂ ಕೆಲವೇ ಸೆಕೆಂಡಿಗೊಮ್ಮೆ ಏನಾದರೊಂದನ್ನು ಬರೆಯುತ್ತಲೇ ಇರುತ್ತದೆ. ಹತ್ತಿ ಕೂತ ತಲೆ ಕೂಡಲೇ ಇಳಿಯಬೇಕು, ಮತ್ತೆ ಹತ್ತಬೇಕು.

“ಅಟ್ಟ ಹತ್ತಿ ಇಳಿಯೋದು,” ಎಂದರು ಗೌಸ್ ಪೀರ್. “ಎಷ್ಟು ಸಲ ಹತ್ತಬಹುದಂತೆ?”

“ಮೂರು ಲಕ್ಷ ಅಂತ ಬರ್ದವ್ರೆ ಅಬ್ಬಾ.”

ದಿನಕ್ಕೆ ಎಂಟು ಗಂಟೆ ಕರೆಂಟ್ ಎಂದು ಹಿಡಿದು ಅವರು ಭಾಗಿಸಿದರು. ನೂರಾ ನಾಲ್ಕು ದಿನ ಬಂತು. ರಾಮಲಕ್ಷ್ಮಮ್ಮನವರ ಡಿಸ್ಕ್ ಬದುಕಿದ್ದು ತೊಂಬತ್ತೇಳು ದಿನ. ಒಂದೇ ತಾಳದಲ್ಲಿದ್ದ ಆ ಸದ್ದು ಆಯುಸ್ಸನ್ನು ಎಣಿಸುತ್ತಿತ್ತು.

“ಹಿಂಗೆ ಹತ್ತು ಅಂತ ಇದಕ್ಕೆ ಹೇಳಿದ್ಯಾರು? ನಾನು ಹೇಳ್ಲಿಲ್ಲ, ನೀನು ಹೇಳ್ಲಿಲ್ಲ.”

“ಯಾರೂ ಏನೂ ಹೇಳ್ದೆ ಇದ್ರೆ ಹಂಗೇ ಮಾಡು ಅಂತ ಮೊದಲೇ ಬರ್ದಿರ್ತಾರೆ. ಕರ್ನಲ್ ಒಳಗೆ.”

“ಯಾವ ಕರ್ನಲ್? ಮಿಲಿಟರಿಯೋರಾ?”

ನಾಹಿದಾ ನಿಘಂಟು ತೆಗೆದು ಅರ್ಥ ತೋರಿಸಿದರು: ತಿರುಳು. ಗೌಸ್ ಪೀರ್ ಜೋರಾಗಿ ನಕ್ಕರಂತೆ. “ಅರೆ, ತಿಪಟೂರಿನೋರಿಗೆ ತಿರುಳು ಅಂದ್ರೆ ಏನು ಅಂತ ಬುಕ್ ನೋಡಿ ಹೇಳ್ತೀಯಲ್ಲ!”

ಯಾರೂ ಹೇಳದಿದ್ದಾಗ ಯಂತ್ರ ತಾನೇ ಹಿಡಿಯುವ ದಾರಿಗೆ ಪಾರಿಭಾಷಿಕ ಪದಗಳಿವೆ. ಗೌಸ್ ಪೀರ್ ಕೊಟ್ಟ ಹೆಸರು ‘ಮಾಮೂಲು’. ಹೋಟೆಲಿನಲ್ಲಿ ಕೂತು ‘ಮಾಮೂಲು’ ಎಂದರೆ ಅರ್ಧ ಟೀ ಬರುತ್ತದಲ್ಲ, ಹಾಗೆ. ಈ ಕಥೆಯನ್ನು ಜಗಲಿಯ ಮೇಲೆ ಹೇಳುವಾಗ ರಾಮಲಕ್ಷ್ಮಮ್ಮ ನಡುವೆ ಬಾಯಿ ಹಾಕಿದರು: “ನಾನು ಮೊದಲ್ನೇ ಸಲ ಕೇಳ್ದಾಗ, ಅಯ್ಯೋ, ಡಿಸ್ಕಿಗೂ ಮಾಮೂಲು ಕೊಡ್ಬೇಕಾ ಅಂದೆ. ತಾಲ್ಲೂಕಾಫೀಸಲ್ಲೇ ಸಾಕಾಗೋಗೈತೆ!”

ಡಿಸ್ಕ್ ಪೂರ್ತಿ ಸತ್ತಿರಲಿಲ್ಲ. ಅಟ್ಟದಿಂದ ಇಳಿಯುವಾಗ ತಲೆ ಸಿಕ್ಕಿಕೊಳ್ಳುತ್ತಿತ್ತು; ಹತ್ತು ಸಲದಲ್ಲಿ ಒಂದು ಸಲ ಇಳಿಯುತ್ತಿತ್ತು. ಒಮ್ಮೆ ಇಳಿದ ಮೇಲೆ ಮತ್ತೆ ಹತ್ತದಂತೆ ತಡೆದರೆ ಓದಿಕೊಳ್ಳಬಹುದು. ಹತ್ತಬೇಡ ಎಂದು ಹೇಳುವ ಆದೇಶವನ್ನು ನಾಹಿದಾ ಟೈಪ್ ಮಾಡಿ ನೋಡಿದರು. ಓದಲು ತೊಡಕಾದ ಜಾಗ ಬಂದೊಡನೆ ಸಿಸ್ಟಂ ಡಿಸ್ಕನ್ನು ಹೊಸದಾಗಿ ಎಬ್ಬಿಸುತ್ತಿತ್ತು. ಎಬ್ಬಿಸಿದಾಗಲೆಲ್ಲ ಹೇಳಿದ ಮಾತು ಮರೆತು ಮಾಮೂಲು ವಾಪಸು ಬರುತ್ತಿತ್ತು. ಹಾಗೆ ಎರಡು ಸಲ ತಲೆ ಅಟ್ಟ ಹತ್ತಿತು. ಎರಡನೆಯ ಸಲ ಇಳಿಸಲು ಒಂದು ಇಡೀ ದಿನ ಬೇಕಾಯಿತು. ಗೌಸ್ ಪೀರ್ ಕೆಲಸ ನಿಲ್ಲಿಸಿದರು.

“ಹೊರಗಿನಿಂದ ಹೇಳಿದ್ರೆ ಪ್ರಯೋಜನ ಇಲ್ಲ ಬೇಟಾ. ಮಾಮೂಲು ಬರೆದಿರೋ ಜಾಗದಲ್ಲೇ ತಿದ್ದಬೇಕು.”

ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಡಿಸ್ಕಿನೊಡನೆ ಮಾತಾಡುವ ಭಾಗಕ್ಕೆ ಡ್ರೈವರ್ ಎಂದು ಹೆಸರು. ಅದನ್ನು ನೋಡಿಕೊಳ್ಳುವವರು ಮಿಂಚಂಚೆಯಲ್ಲಿ ಚರ್ಚಿಸುವ ಒಂದು ಕೂಟಕ್ಕೆ ನಾಹಿದಾ ಸೀಮೆಸುಣ್ಣದ ಲೆಕ್ಕವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು. ಎಂಟನೆಯ ದಿನ ಒಬ್ಬರು ಉತ್ತರಿಸಿದರು. ಯಾವ ದೇಶದವರೋ ತಂದೆ ಮಗಳಿಬ್ಬರಿಗೂ ಇಂದಿಗೂ ಗೊತ್ತಿಲ್ಲ. ಡ್ರೈವರಿನಲ್ಲಿ ಬದಲಿಸಬೇಕಾದ ಒಂದು ಸಾಲನ್ನು ತೋರಿಸಿದ್ದರು. ಒಂದೇ ಸಂಖ್ಯೆ. ಅದನ್ನು ತಿದ್ದಿ ಕರ್ನಲ್ಲನ್ನು ಹೊಸದಾಗಿ ಕಟ್ಟಲು ಅಂಗಡಿಯ ಯಂತ್ರಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

೨೭ ಮೇ ೨೦೦೪, ಬೆಳಿಗ್ಗೆ ಎಂಟು ಗಂಟೆಗೆ ನಕಲು ತೆಗೆಯಲು ಶುರುಮಾಡಿದರು. ಕರೆಂಟ್ ನಂಬುವಂತಿರಲಿಲ್ಲವಾಗಿ ಎರಡು ಲಾರಿ ಬ್ಯಾಟರಿಗಳನ್ನು ಯುಪಿಎಸ್‌ಗೆ ಜೋಡಿಸಿದ್ದರು. ಕಡತಗಳು ಎಲ್ಲಿವೆ ಎಂದು ಹೇಳುವ ಪಟ್ಟಿಯೇ ಹಾಳಾಗಿದ್ದರಿಂದ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿತ್ತು. ನಾಹಿದಾ ಯಂತ್ರದ ಮುಂದೆ, ರಾಮಲಕ್ಷ್ಮಮ್ಮ ಬೆಂಚಿನ ಮೇಲೆ ಕೂತಿದ್ದರು. ಗೌಸ್ ಪೀರ್ ಸ್ಕ್ರೂಡ್ರೈವರನ್ನು ಡಿಸ್ಕಿಗೆ ಆನಿಸಿ ಕಣ್ಣು ಮುಚ್ಚಿದ್ದರು. ತೊಡಕಿನ ಜಾಗ ಬಂದು ಸಿಸ್ಟಂ ಡಿಸ್ಕನ್ನು ಎಬ್ಬಿಸಿದಾಗಲೆಲ್ಲ ಮೂವರೂ ಅದರ ಸದ್ದಿಗೆ ಕಿವಿಗೊಡುತ್ತಿದ್ದರು.

“ಹತ್ಲಿಲ್ಲ,” ಎನ್ನುತ್ತಿದ್ದರು ಗೌಸ್ ಪೀರ್.

ಸ್ವಲ್ಪ ಹೊತ್ತಿಗೆ ಮತ್ತೆ, “ಹತ್ಲಿಲ್ಲ.”

“ಅವತ್ತು ಎಷ್ಟು ಸಲ ಹಂಗಂದ್ರೋ! ಕಾಯಿ ಕೀಳೋರು ಮುಷ್ಕರ ಮಾಡಿದಂಗಿತ್ತು,” ಎಂದು ರಾಮಲಕ್ಷ್ಮಮ್ಮ ನಕ್ಕರು. ಅಂದು ಮಾತ್ರ ಯಾರೂ ನಕ್ಕಿರಲಿಲ್ಲ. ಕರೆಂಟ್ ಮೂರು ಸಲ ಹೋಗಿ ಬಂತು, ಬ್ಯಾಟರಿ ತಡೆಯಿತು. ಮಧ್ಯಾಹ್ನ ಎರಡೂ ಮುಕ್ಕಾಲರ ಹೊತ್ತಿಗೆ ತಲೆ ತಟ್ಟೆಯನ್ನು ಉಜ್ಜುವ ಸದ್ದೊಂದು ಬಂತು; ಡಿಸ್ಕ್ ಅಲ್ಲಿಗೆ ಮುಗಿಯಿತು. ಗೌಸ್ ಪೀರ್ ಸ್ಕ್ರೂಡ್ರೈವರ್ ಕೆಳಗಿಟ್ಟರು.

ನಾಹಿದಾ ಸಿಕ್ಕಿದ್ದನ್ನು ಹುಡುಕಿ ಜೋಡಿಸಿದರು. ನೂರೈವತ್ತು ಮರಗಳಲ್ಲಿ ನೂರಾ ನಲವತ್ತೊಂದರ ದಾಖಲೆ ಪೂರ್ತಿ ಬಂದಿತ್ತು. ೧೧೮ರಿಂದ ೧೨೬ರವರೆಗಿನ ಒಂಬತ್ತು ಮರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳಿದ್ದವು.

“ಆ ಒಂಬತ್ತೂ ಒಳ್ಳೇ ಮರ ಅಂತ ನಿಮಗೆ ಗೊತ್ತಲ್ಲಮ್ಮ,” ಎಂದರು ಗೌಸ್ ಪೀರ್.

“ನನಗೆ ಗೊತ್ತು. ತಗಂಡೋಗೋನಿಗೆ ಏನು ತೋರ್ಸ್ಲಿ? ಇನ್ನು ನಾಲ್ಕು ವರ್ಷ ಅವು ಬರೀ ಮರ.”

“ಹಂಗಾದ್ರೆ ನಾನು ಬಂದು ಎಣಿಸ್ತೀನಿ.”

“ನೀವ್ಯಾಕೆ? ನಮ್ಮನೇಲಿ ಎಣಿಸೋರಿಲ್ವಾ?”

“ಆಗೈತೆ ಬುಡಿ ಅಂದೋನು ನಾನು. ಯಾವಾಗ ಆಗ್ತದೆ ಅಂತ ನಾನೇ ನೋಡ್ಬೇಕು.”

ಮಿಂಚಂಚೆಯ ಆ ಗೆಳೆಯರಿಗೆ ನಾಹಿದಾ ಇನ್ನೊಂದು ಕಾಗದ ಬರೆದು, ಈ ಮಾಮೂಲನ್ನು ಎಲ್ಲರಿಗೂ ಬದಲಿಸಬಾರದೆ ಎಂದು ಕೇಳಿದ್ದರು. ಬ್ಯಾಟರಿ ನೆಚ್ಚಿ ಪ್ರಯಾಣ ಮಾಡುವವನಿಗೆ ಇದೇ ಸರಿ, ನಿಮ್ಮ ಊರಿಗೆ ಸರಿಯಲ್ಲ; ಒಬ್ಬರಿಗಾಗಿ ತಿದ್ದಿದರೆ ಇನ್ನೊಬ್ಬರಿಗೆ ತೊಂದರೆ ಎಂದು ಉತ್ತರ ಬಂತು. ಗೌಸ್ ಪೀರ್‌ಗೆ ಅದರಿಂದ ಬೇಸರವಾಗಲಿಲ್ಲ. “ಸರಿಯಾಗೇ ಹೇಳವ್ನೆ. ಲ್ಯಾಪ್‌ಟಾಪಿನ ಡಿಸ್ಕನ್ನ ತಂದು ತೋಟದ ಮನೇಲಿ ಕೂರ್ಸ್ದೋನು ನಾನು. ಅವನಿಗೆ ಮಾಯಸಂದ್ರ ಎಂಗೆ ಗೊತ್ತಾಗ್ಬೇಕು?” ಅಂದಿನಿಂದ ಅಂಗಡಿಯ ಬಾಗಿಲ ಒಳಬದಿಯಲ್ಲಿ ಸೀಮೆಸುಣ್ಣದ ಒಂದು ಸಾಲಿದೆ, ಅಳಿಸಿದಾಗಲೆಲ್ಲ ಅಜೀಮುನ್ನೀಸಾ ಮತ್ತೆ ಬರೆಯುತ್ತಾರೆ: ‘ಮಾಮೂಲು ನೋಡಿ ಕೊಡು.’

೨೦೦೫ರ ಜನವರಿಯಿಂದ ಗೌಸ್ ಪೀರ್ ಎಣಿಕೆಗೆ ಬರತೊಡಗಿದರು. ಒಂದೂವರೆ ತಿಂಗಳಿಗೊಂದು ಕೊಯ್ಲು, ವರ್ಷಕ್ಕೆ ಎಂಟು. ತಿಪಟೂರಿನಿಂದ ತುರುವೇಕೆರೆ, ಅಲ್ಲಿಂದ ಮಾಯಸಂದ್ರ, ಆಮೇಲೆ ನಡಿಗೆ. ಕಾಯಿ ಕೀಳುವವರು ಮೊದಮೊದಲು, “ಸಾಬ್ರೇ, ಮರದಲ್ಲೂ ಮೋಟರ್ ಐತಾ?” ಎಂದು ಛೇಡಿಸುತ್ತಿದ್ದರು, ಆಮೇಲೆ ಅವರು ಬರುವವರೆಗೆ ಆ ಒಂಬತ್ತು ಮರ ಹತ್ತದೆ ಕಾಯುತ್ತಿದ್ದರು. ನಮ್ಮ ಮೊದಲ ಮಾತುಕತೆಯ ದಿನವೂ ಮಾತು ಮುಗಿದ ಮೇಲೆ ಅವರು ಅಂಗಿಯ ತೋಳು ಮಡಿಸಿ ತೋಟಕ್ಕೆ ಇಳಿದರು. ೧೨೩ನೆಯ ಮರದ ಕೆಳಗೆ ನಿಂತು, ಕಳೆದ ಮಳೆಗಾಲದಲ್ಲಿ ಅದು ಕಾಯಿ ಉದುರಿಸಿದ್ದನ್ನು ಮನೆಯವರ ಕಾಯಿಲೆ ಹೇಳುವಂತೆ ಹೇಳಿದರು.

ದಾಖಲೆ ಈಗ ಮೂರು ಕಡೆ ಇದೆ. ತೋಟದ ಮನೆಯ ಕಂಪ್ಯೂಟರಿನಲ್ಲಿ, ನಾಹಿದಾ ಬಳಿಯ ಸಿ.ಡಿ.ಯಲ್ಲಿ, ಮತ್ತು ಬೇವಿನ ಸೊಪ್ಪು ಇಟ್ಟ ತಗಡಿನ ಪೆಟ್ಟಿಗೆಯೊಳಗಿನ ಒಂದು ನೋಟ್‌ಬುಕ್ಕಿನಲ್ಲಿ. ಕೊನೆಯ ಎಣಿಕೆಯ ದಿನ ನಾನೂ ಹಾಜರಿದ್ದೆ. ರಾಮಲಕ್ಷ್ಮಮ್ಮ ನೋಟ್‌ಬುಕ್ಕಿನಲ್ಲಿ ಬರೆದ ಸಾಲನ್ನು ಅವರ ಒಪ್ಪಿಗೆಯಿಂದ ಇಲ್ಲಿ ನಕಲು ಮಾಡಿದ್ದೇನೆ:

‘೧೮-೧-೨೦೦೯, ಭಾನುವಾರ. ಮರ ೧೧೮ರಿಂದ ೧೨೬. ನಾಲ್ಕು ವರ್ಷ ಪೂರ್ತಿ. ತಾಯಿ ಮರ ಏಳು. ೧೧೯ ಮತ್ತು ೧೨೩ ಬರೀ ಮರ. ಎಣಿಸಿದವರು: ಗೌಸ್ ಪೀರ್, ತಿಪಟೂರು.’